ಬಾಯಕ್ಕನನ್ನು ಕಾಲುವೆಯಿಂದ ಎತ್ತಿದ ವರ್ಷ

ಪುಸ್ತಕ ಬರೆಯುವುದು ಹೇಗೆ ಎಂದು ಹೇಳಲು ಗೋಕಾಕದ ಒಂದು ಕಾಲೇಜಿನವರು ನನ್ನನ್ನು ಕರೆದಿದ್ದರು. ನಾನು ಬರೆದದ್ದು ಒಂದೇ ಪುಸ್ತಕ. ಅದನ್ನು ಅಚ್ಚು ಹಾಕಿದ್ದು ಲಗ್ನಪತ್ರಿಕೆ ಮಾಡುವ ಪ್ರೆಸ್ಸಿನವರು. ಆದರೂ ಕರೆದಿದ್ದಾರಲ್ಲ ಎಂದು ಹುಕ್ಕೇರಿಯಿಂದ ಬಸ್ಸು ಹತ್ತಿ, ಹೇಳಬೇಕಾದ ಮಾತುಗಳನ್ನು ಹಾಳೆಯೊಂದರಲ್ಲಿ ಗುರುತು ಹಾಕಿಕೊಳ್ಳುತ್ತಾ ಕುಳಿತಿದ್ದೆ. ಧುಪದಾಳ ದಾಟುವಾಗ ಕಿಟಕಿಯಿಂದ ಅರಿಷಿಣ ಕುದಿಯುವ ವಾಸನೆ ನುಗ್ಗಿತು. ಹಸಿ ಮಣ್ಣು, ಹೊಗೆ, ಗಂಟಲಿಗೆ ಹತ್ತುವ ಘಾಟು ಎಲ್ಲ ಕೂಡಿದ ಆ ವಾಸನೆ ಕುದಿಸಿದವರಿಗೇ ಗೊತ್ತು. ರಸ್ತೆಯ ಬದಿಯ ಕಾಲುವೆಯಲ್ಲಿ ನೀರು ದಂಡೆ ಮುಟ್ಟಿ ಹರಿಯುತ್ತಿತ್ತು. ಅದನ್ನು ನೋಡಿ ನನಗೆ ಒಬ್ಬಳಿಗೇ ನಗು ಬಂತು. ಪಕ್ಕದಲ್ಲಿದ್ದ ಅಜ್ಜ ಒಮ್ಮೆ ನನ್ನ ಮುಖ ನೋಡಿ ಸ್ವಲ್ಪ ಸರಿದು ಕುಳಿತ. ನಾನು ಹಾಳೆ ಮಡಚಿ ಚೀಲಕ್ಕೆ ಹಾಕಿದೆ. ಹೇಳಬೇಕಾದದ್ದು ಅದರಲ್ಲಿ ಇರಲೇ ಇಲ್ಲ.

ಈಗ ನಾನು ಹುಕ್ಕೇರಿ ಕಡೆಯ ಅಂಗನವಾಡಿಗಳ ಮೇಲ್ವಿಚಾರಕಿ. ಏಳೆಂಟು ವರ್ಷದ ಹಿಂದೆ, ಈ ಕತೆ ನಡೆದ ಅರಿಷಿಣದ ಸುಗ್ಗಿಯಲ್ಲಿ, ಮೂಡಲಗಿ ಹತ್ತಿರದ ತುಕ್ಕಾನಟ್ಟಿಯಲ್ಲಿ, ಗಂಡನ ಊರಿನಲ್ಲೇ, ಅಂಗನವಾಡಿಯ ಅಕ್ಕೋರಾಗಿದ್ದೆ. ಓದಿದ್ದು ಪಿಯುಸಿ. ಬರೆಯುವ ಹುಚ್ಚು ಎಲ್ಲಿಂದ ಹತ್ತಿತೋ ಗೊತ್ತಿಲ್ಲ. ತಿಂಗಳಿಗೊಂದು ಭಾನುವಾರ ಗೋಕಾಕದಲ್ಲಿ ಬರಹಗಾರರ ಕಮ್ಮಟ ನಡೆಯುತ್ತಿತ್ತು. ನಡೆಸುತ್ತಿದ್ದವರು ಒಬ್ಬ ನಿವೃತ್ತ ಪ್ರಾಚಾರ್ಯರು. ಅವರ ಹೆಸರು ಹೇಳುವುದಿಲ್ಲ. ನಾವೆಲ್ಲ ಅವರನ್ನು ಸರ್ ಎನ್ನುತ್ತಿದ್ದೆವು, ಈಗಲೂ ಹಾಗೇ ಎನ್ನುತ್ತೇವೆ. ಮನುಷ್ಯ ಕೆಟ್ಟವರಲ್ಲ. ನನ್ನ ಬರಹವನ್ನು ಮೊದಲ ಸಲ ಕೈಯಲ್ಲಿ ಹಿಡಿದು ಪೂರ್ತಿ ಓದಿದವರು ಅವರೇ. ಅದನ್ನು ಮರೆತರೆ ನನ್ನ ನಾಲಿಗೆಯಲ್ಲಿ ಹುಳ ಬೀಳಲಿ.

ಆದರೆ ಅವರ ಉಪದೇಶಗಳ ಬಗ್ಗೆ ನನಗೆ ಜಗಳವಿದೆ. ಬರೆಯುವವರಿಗೆ ಒಂದು ಕೋಣೆ ಬೇಕು ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಹನ್ನೊಂದು ಮಂದಿಗೆ ಮೂರು ಕೋಣೆ, ಅದರಲ್ಲಿ ಒಂದು ಜೋಳದ ಚೀಲಗಳದ್ದು. ನಸುಕಿನಲ್ಲೆದ್ದು ಬರೆಯಬೇಕು ಎನ್ನುತ್ತಿದ್ದರು. ಆ ಹೊತ್ತಿಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಮೌನ ಬೇಕು ಎನ್ನುತ್ತಿದ್ದರು. ನನಗೆ ಸಿಕ್ಕ ಮೌನವೆಂದರೆ ಅಂಗನವಾಡಿಯ ಮಕ್ಕಳು ಉಂಡು ಮಲಗುವ ಮಧ್ಯಾಹ್ನದ ಮುಕ್ಕಾಲು ಗಂಟೆ. ನನ್ನ ಪುಸ್ತಕ ಹುಟ್ಟಿದ್ದು ಆ ಮುಕ್ಕಾಲು ಗಂಟೆಗಳಲ್ಲಿ, ಹಳೆಯ ರಜಿಸ್ಟರುಗಳ ಖಾಲಿ ಉಳಿದ ಪುಟಗಳಲ್ಲಿ. ಕೋಣೆ ಇಲ್ಲವೆಂದು ಬರೆಯದೆ ಕುಳಿತವರ ಬಗ್ಗೆ ನನಗೆ ಕನಿಕರವಿದೆ. ಕೋಣೆ ಇದ್ದೂ ಬರೆಯದವರ ಬಗ್ಗೆ ಅದೂ ಇಲ್ಲ.

ನಾನು ಬರೆಯುತ್ತಿದ್ದದ್ದು ಬಾಯಕ್ಕನ ಕತೆ. ಬಾಯಕ್ಕ ನಮ್ಮ ಹೊಲಕ್ಕೆ ಬರುವ ಹೆಣ್ಣಾಳುಗಳ ತಂಡಕ್ಕೆ ಹಿರಿಯಾಳು. ಕುರಿ ಕಾಯುವವರ ಮನೆತನದವಳು. ಅವಳನ್ನು ಕಣಗಲಾಕ್ಕೆ ಕೊಟ್ಟಿದ್ದರು. ಗಂಡ ಹೊಡೆಯುವವನು. ಇಪ್ಪತ್ತೆರಡನೆಯ ವಯಸ್ಸಿಗೆ ಒಂದು ದಿನ, ತವರಿನವರು ಬಳುವಳಿ ಕೊಟ್ಟ ಎಮ್ಮೆಯ ಹಗ್ಗ ಬಿಚ್ಚಿಕೊಂಡು ಆ ಮನೆಯಿಂದ ಹೊರಬಿದ್ದಳು. ಲಾರಿಗಳು ಓಡುವ ಹೆದ್ದಾರಿಯ ಬದಿಯಿಂದ ಶುರು ಮಾಡಿ, ಎರಡು ದಿನ ನಡೆದು, ಎಮ್ಮೆ ಸಮೇತ ತವರೂರಾದ ತುಕ್ಕಾನಟ್ಟಿಗೆ ಬಂದು ಮುಟ್ಟಿದಳು. ಮತ್ತೆ ಹೋಗಲಿಲ್ಲ. ಆಮೇಲೆ ಮೂವತ್ತು ವರ್ಷ ದುಡಿದಳು, ಹತ್ತು ಹೆಂಗಸರ ತಂಡ ಕಟ್ಟಿದಳು, ಆ ಎಮ್ಮೆಯ ಸಂತತಿಯನ್ನೇ ಸಾಕಿಕೊಂಡು ಬಂದಳು. ಅವಳು ನಕ್ಕರೆ ಪಕ್ಕದ ಹೊಲದವರು ಏನಾಯಿತೆಂದು ತಿರುಗಿ ನೋಡುತ್ತಿದ್ದರು.

ಕತೆಯಲ್ಲಿ ಅವಳಿಗೆ ಲಕ್ಕವ್ವ ಎಂದು ಹೆಸರಿಟ್ಟಿದ್ದೆ. ಬರೆದಷ್ಟನ್ನು ಭಾನುವಾರ ಹೊಲದಲ್ಲಿ ಹೆಂಗಸರಿಗೆ ಓದಿ ಹೇಳುತ್ತಿದ್ದೆ. ಅಗೆದು ಗುಡ್ಡೆ ಹಾಕಿದ ಅರಿಷಿಣದ ಸುತ್ತ ಕುಳಿತು ಅವರು ಗಡ್ಡೆಯಿಂದ ಬೆರಳಿನಂಥ ಕವಲುಗಳನ್ನು ಮುರಿದು ಬೇರೆ ಮಾಡುವರು, ನಾನು ಬೇವಿನ ಬೊಡ್ಡೆಗೆ ಒರಗಿ ಓದುವೆನು. ಹೆಸರು ಏನೇ ಇಟ್ಟರೂ ಎರಡನೆಯ ಸಾಲಿಗೇ ಎಲ್ಲರಿಗೂ ಅದು ಯಾರೆಂದು ತಿಳಿದಿತ್ತು. ಬಾಯಕ್ಕ ಕೆಲಸ ನಿಲ್ಲಿಸದೆ ಕೇಳುತ್ತಿದ್ದಳು. ಮೆಚ್ಚಿದರೆ ಬಾಯೊಳಗಿನ ತಂಬಾಕನ್ನು ಈ ದವಡೆಯಿಂದ ಆ ದವಡೆಗೆ ಬದಲಿಸುವಳು, ಅಷ್ಟೇ. ನನಗೆ ಅದೇ ಪ್ರಶಸ್ತಿ.

ಮುಕ್ಕಾಲು ಪಾಲು ಮುಗಿದಾಗ ಸರ್‌ಗೆ ಕೊಟ್ಟೆ. ಹಾಳೆಗಳ ಮೇಲೆಲ್ಲ ಹಳದಿ ಬೆರಳಿನ ಗುರುತು. ಅದನ್ನು ನೋಡಿ ನಕ್ಕರು. ಮುಂದಿನ ಕಮ್ಮಟದಲ್ಲಿ ಎಲ್ಲರೂ ಹೋದ ಮೇಲೆ ನನ್ನನ್ನು ಕೂಡಿಸಿಕೊಂಡರು.

“ಚಲೋ ಬರದೀರಿ ತಂಗಿ. ಆದ್ರ ಆಕಿ ಕಡೀಕ ಏನ ಆಗ್ತಾಳ?”

“ಏನೂ ಆಗೂದಿಲ್ಲರಿ ಸರ್. ಇರ್ತಾಳ.”

“ಹಂಗ ಇದ್ರ ಓದವ್ರಿಗೆ ಏನ ಸಿಕ್ಕಂಗಾತು? ಹಳ್ಳಿ ಹೆಣಮಗಳ ಕತಿ ಅಂದ್ರ ಓದಿದವ್ರ ಕಣ್ಣಾಗ ನೀರ ಬರಬೇಕು. ಆಕೀನ್ನ ಕಾಲುವಿಗಿ ಹಾರಸ್ರಿ. ನಾ ಪ್ರಕಾಶಕರಿಗೆ ಹೇಳತೇನಿ. ಯುಗಾದಿಗೆ ಪುಸ್ತಕ ಬರತೈತಿ. ಬಹುಮಾನಾನೂ ಬರತೈತಿ, ಬರದ ಇಟಗೋರಿ.”

ಪುಸ್ತಕ ಬರುತ್ತದೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದೇನೂ ನನಗೆ ಕೇಳಿಸಲಿಲ್ಲ. ಬಸ್ಸಿನಲ್ಲೇ ಮನಸ್ಸಿನಲ್ಲಿ ಅವಳನ್ನು ಕೊಂದುಬಿಟ್ಟೆ. ಕಣಗಲಾದ ಗಂಡ ತಿರುಗಿ ಬರುತ್ತಾನೆ, ಊರೆಲ್ಲ ಬೆರಳು ಮಾಡುತ್ತದೆ, ಯುಗಾದಿ ಮುಗಿದ ವಾರ ಲಕ್ಕವ್ವ ತುಂಬಿ ಹರಿಯುವ ಕಾಲುವೆಗೆ ಹಾರುತ್ತಾಳೆ. ಹನ್ನೊಂದು ಪುಟದ ಸಾವು. ಬರೆಯುತ್ತಾ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಬರೆಯುವವರಿಗೆ ಇದೊಂದು ಮಾತು ಹೇಳಿಬಿಡುತ್ತೇನೆ: ನಿಮ್ಮ ಬರಹಕ್ಕೆ ನೀವೇ ಅಳತೊಡಗಿದಿರೆಂದರೆ ಪೆನ್ನು ಕೆಳಗಿಡಿ. ಆಗ ನೀವು ನೋಡುತ್ತಿರುವುದು ಕತೆಯವಳನ್ನಲ್ಲ, ಕನ್ನಡಿಯನ್ನು.

ಮುಂದಿನ ಭಾನುವಾರ ಹೊಲದಲ್ಲಿ ಹೆಮ್ಮೆಯಿಂದಲೇ ಓದಿದೆ. ಹೆಂಗಸರ ಕೈಗಳು ಒಂದೊಂದಾಗಿ ನಿಂತವು. ಅಳುತ್ತಾರೆ ಎಂದುಕೊಂಡೆ. ಹಾರಿದ ಸಾಲಿಗೆ ಬರುತ್ತಲೇ ನೀಲವ್ವ ಎಂಬ ಹೆಂಗಸು ಸೆರಗು ಬಾಯಿಗೆ ಹಚ್ಚಿಕೊಂಡಳು. ಅದು ಅಳು ಅಲ್ಲ, ನಗು.

“ಅಕ್ಕೋರ, ಯುಗಾದಿ ಆದ ಮ್ಯಾಲ ನಮ್ಮ ಕಾಲುವ್ಯಾಗ ನೀರ ಎಲ್ಲಿರ್ತಾವ್ರಿ? ಬಂದ್ ಮಾಡಿರ್ತಾರ. ಹಾರಿದ್ರ ಕಾಲ ಉಳಕೂದು ಅಷ್ಟ.”

“ಕಪ್ಪಿ ಸುದ್ದಾ ಸಾಯೂದಿಲ್ಲ ಅದ್ರಾಗ,” ಎಂದಳು ಇನ್ನೊಬ್ಬಳು.

ಗುಡ್ಡೆಯ ಸುತ್ತ ನಗೆಯೋ ನಗೆ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಧುಪದಾಳದ ಒಡ್ಡಿನಿಂದ ಬರುವ ಆ ಕಾಲುವೆಯ ನೀರೇ ನಮ್ಮ ಹೊಲಕ್ಕೂ. ಯಾವ ವಾರ ಬಿಡುತ್ತಾರೆ, ಯಾವ ತಿಂಗಳು ಕಟ್ಟುತ್ತಾರೆ ಎಂಬುದರ ಮೇಲೇ ನಮ್ಮ ಮನೆಯ ಮದುವೆಗಳೂ ನಿಶ್ಚಯವಾಗುತ್ತವೆ. ಅಂಥ ಮನೆಯ ಸೊಸೆ ನಾನು, ಒಣ ಕಾಲುವೆಗೆ ಒಬ್ಬಳನ್ನು ನೂಕಿದ್ದೆ. ಅಂದರೆ ಆ ಹನ್ನೊಂದು ಪುಟ ಬರೆಯುವಾಗ ನಾನು ತುಕ್ಕಾನಟ್ಟಿಯಲ್ಲಿ ಇರಲೇ ಇಲ್ಲ, ಗೋಕಾಕದ ಕಮ್ಮಟದಲ್ಲಿ ಕುಳಿತಿದ್ದೆ.

ನಗದವಳು ಬಾಯಕ್ಕ ಒಬ್ಬಳೇ. ಕೈಯ ಮಣ್ಣು ಒರೆಸಿಕೊಂಡು ಎದ್ದು ನಿಂತಳು.

“ನೀರ ಇರ್ಲಿ, ಬಿಡ್ಲಿ. ನನ್ನ ಯಾಕ ಸಾಯಿಸಿದಿ ಯವ್ವಾ?”

“ನಿನ್ನಲ್ಲ ಬಾಯಕ್ಕಾ. ಅಕಿ ಲಕ್ಕವ್ವ.”

“ಕಣಗಲಾದಿಂದ ಎಮ್ಮಿ ಹೊಡ್ಕೊಂಡ ಬಂದಾಕಿ ಈ ಸೀಮ್ಯಾಗ ಇನ್ನೊಬ್ಬಾಕಿ ಯಾರ ಅದಾಳ?”

“ಗೋಕಾಕದ ಸರ್ ಹೇಳಿದ್ರು. ಸತ್ರ ಕತಿ ಗಟ್ಟಿ ಆಗತೈತಿ ಅಂತ,” ಎಂದೆ.

“ಅವ್ರ ಕತ್ಯಾಗ ಅವ್ರ ಸಾಯ್ಲಿ,” ಎಂದಳು. ಬುತ್ತಿಯ ಗಂಟು ಎತ್ತಿಕೊಂಡು ಹೊರಟೇಬಿಟ್ಟಳು. ತಂಡದ ಹೆಂಗಸರು ನಗು ನುಂಗಿ ಅವಳ ಹಿಂದೆ ಹೋದರು.

ಮರುದಿನ ಸೋಮವಾರ. ಅವತ್ತು ಅರಿಷಿಣ ಕುದಿಸುವ ಕೊಪ್ಪರಿಗೆಗೆ ಮೊದಲ ಬೆಂಕಿ ಹಾಕುವುದೆಂದು ಗೊತ್ತಾಗಿತ್ತು. ಊರಲ್ಲಿ ಆಗಲೇ ಉಗಿಯಲ್ಲಿ ಬೇಯಿಸುವ ಯಂತ್ರಗಳು ಬಂದಿದ್ದವು, ಆದರೆ ನನ್ನ ಅತ್ತೆ ಗಂಗವ್ವ ಕೊಪ್ಪರಿಗೆ ಬಿಡಲು ಒಪ್ಪಿರಲಿಲ್ಲ. ಕಡ್ಡಿ ಚುಚ್ಚಿ, ಮೂಸಿ ನೋಡಿ, ಬೆಂದಿದೆಯೇ ಎಂದು ಹೇಳುವವಳು ಅವಳೇ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಒಲೆ ಹೊತ್ತಿಸುವ ಮುಂಚೆ ಹಿರಿಯಾಳಿನ ಉಡಿ ತುಂಬಬೇಕು: ಕುಬಸದ ಕಣ, ಅಕ್ಕಿ, ಕೊಬ್ಬರಿ, ಆ ವರ್ಷದ ಐದು ಹಸಿ ಅರಿಷಿಣದ ಬೇರು. ಗಂಡನನ್ನು ಬಿಟ್ಟು ಬಂದವಳ ಉಡಿ ತುಂಬಬಾರದೆಂದು ಕೆಲವು ಮನೆಗಳಲ್ಲಿ ಬಾಯಕ್ಕನನ್ನು ಬದಿಗೆ ನಿಲ್ಲಿಸುತ್ತಿದ್ದರಂತೆ. ಅತ್ತೆ ಮಾತ್ರ ಮೂವತ್ತು ವರ್ಷ ಒಂದೂ ತಪ್ಪದೆ ಅವಳ ಉಡಿಯನ್ನೇ ತುಂಬಿದವಳು.

ಬಾಯಕ್ಕ ಬರಲಿಲ್ಲ. ಅವಳಿಲ್ಲದೆ ತಂಡದ ಒಬ್ಬಳೂ ಬರಲಿಲ್ಲ. ಅಗೆದ ಅರಿಷಿಣ ಗುಡ್ಡೆಯಾಗಿ ಬಿಸಿಲಿಗೆ ಬಿದ್ದಿತ್ತು. ಬೇರೆ ತಂಡಗಳೆಲ್ಲ ಬೇರೆಯವರ ಹೊಲದಲ್ಲಿದ್ದವು. ಹೇಳಿ ಕಳಿಸಿದ್ದಕ್ಕೆ ನೀಲವ್ವನ ಕೈಯಲ್ಲಿ ಉತ್ತರ ಬಂತು: “ಸತ್ತಾಕಿ ಉಡಿ ಹೆಂಗ ತುಂಬಿಸ್ಕೊಳ್ಳಾಕ ಬರತೈತಿ ಅಂತ ಕೇಳಾಕತ್ತಾಳ್ರಿ.”

ಮಂಗಳವಾರವೂ ಹಾಗೇ ಹೋಯಿತು. ಅತ್ತೆ ಬೈಯಲಿಲ್ಲ. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮುಂಚೆಯೇ ನನ್ನ ಮುಂದೆ ಬಂದು ಕುಳಿತಳು.

“ಗಿರಿಜಾ, ನಿನ್ನ ಪುಸ್ತಕ ನಂಗ ತಿಳಿಯೂದಿಲ್ಲ. ಆದ್ರ ಆಕಿ ನಮ್ಮ ಹೊಲದಾಗ ಕೈ ಹಚ್ಚಿದಾಕಿ. ನೀ ನೂಕಿದಿ, ನೀನ ಹೋಗಿ ಎತ್ತಕೊಂಡ ಬಾ.”

ರಜೆ ಹಾಕಿ ಹೋದೆ. ಬಾಯಕ್ಕ ಅಂಗಳದಲ್ಲಿ ಎಮ್ಮೆಯ ಮೈ ತೊಳೆಯುತ್ತಿದ್ದಳು. ನೋಡಿಯೂ ನೋಡದಂತೆ ಇದ್ದಳು. ಸತ್ತ ಸುಳ್ಳು ಸುದ್ದಿ ಬಂದರೆ ಆಯುಷ್ಯ ಗಟ್ಟಿ ಅನ್ನುತ್ತಾರಲ್ಲ ಬಾಯಕ್ಕಾ ಎಂದು ನಗಿಸಲು ನೋಡಿದೆ.

“ಸುದ್ದಿ ಬ್ಯಾರೆ, ಬರದ ಇಡೂದ ಬ್ಯಾರೆ. ಸುದ್ದಿ ಸುಳ್ಳಾದ್ರ ನಾಳೆ ತಿಳೀತೈತಿ. ನೀ ಬರದದ್ದು ನಾ ಹ್ವಾದ ಮ್ಯಾಲೂ ಉಳೀತೈತಿ. ಆ ಗಂಡಸಿಗೆ ಅಂಜಿ ಬಾಯಕ್ಕ ಕಾಲುವಿಗಿ ಬಿದ್ಲು ಅಂತ ಮುಂದಿನವ್ರು ಓದ್ತಾರ. ಮೂವತ್ತ ವರ್ಷ ನಾ ಬದುಕಿದ್ದು ಏನ ಆತು?”

ಇದಕ್ಕಿಂತ ದೊಡ್ಡ ಉಪದೇಶ ನನಗೆ ಯಾವ ಕಮ್ಮಟದಲ್ಲೂ ಸಿಕ್ಕಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಈ ಸಲ ಅದು ನನ್ನ ಬರಹಕ್ಕಲ್ಲ.

“ಆ ಹಾಳಿ ಹರದ ಹಾಕತೇನಿ,” ಎಂದೆ.

“ಹರದ್ರ ಕೂಡಸಾಕ ಬರತೈತಿ. ಸುಡು. ನನ್ನ ಕಣ್ಣ ಮುಂದ. ಒಂದೊಂದ ಹಾಳಿ ಓದಿ ಹಾಕು. ಯಾವದ ಹಾಕಾಕತ್ತಿ ಅಂತ ನಂಗ ತಿಳೀಬೇಕು.”

ಹೀಗೆ ಬುಧವಾರ ನಮ್ಮ ಹೊಲದಲ್ಲಿ ಒಲೆ ಹೊತ್ತಿತು. ಕೊಪ್ಪರಿಗೆಯ ಕೆಳಗೆ ಕಬ್ಬಿನ ಒಣ ಸೋಗೆಯ ರವದಿ, ಒಣಗಿದ ಅರಿಷಿಣದ ಎಲೆ, ಒಲೆಯ ಬಾಯಿಗೆ ನಾನು. ಬಾಯಕ್ಕ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತಳು. ಗಂಡ ಬಂದ ಪುಟ ಓದಿದೆ. “ಹಾಕು.” ಊರವರು ಬೆರಳು ಮಾಡಿದ ಪುಟ. “ಹಾಕು. ನಮ್ಮೂರವ್ರು ಹಂಗ ಅಂದ್ರ ಹಲ್ಲ ಉದರಸ್ತಿದ್ನಿ.” ಹತ್ತನೆಯ ಪುಟ, ಲಕ್ಕವ್ವ ಕಾಲುವೆಯ ದಂಡೆಗೆ ಹೋಗಿ ನಿಂತದ್ದು. ಓದಿ ಬೆಂಕಿಯ ಕಡೆ ಕೈ ಚಾಚಿದೆ. ಬಾಯಕ್ಕ ನನ್ನ ಮುಂಗೈ ಹಿಡಿದಳು.

“ಇದನ್ನ ಇಟ್ಟಗೋ,” ಎಂದಳು.

ಕೊಪ್ಪರಿಗೆಯಲ್ಲಿ ನೊರೆ ಏಳತೊಡಗಿತ್ತು. ಅತ್ತೆ ಆ ಬದಿಯಲ್ಲಿ ಮುಚ್ಚಿದ ಗೋಣಿತಟ್ಟು ಸರಿಸುತ್ತಿದ್ದಳು. ಬಾಯಕ್ಕ ಬೆಂಕಿ ನೋಡುತ್ತಲೇ ಮಾತಾಡಿದಳು.

“ದಂಡಿ ಮಟ ಹೋಗಿದ್ದು ಖರೆ ಐತಿ. ಯಾರಿಗೂ ಹೇಳಿಲ್ಲ. ಕಣಗಲಾದಿಂದ ಬರೂ ಮುಂದ, ಎರಡನೇ ದಿನ, ಧುಪದಾಳದ ಹತ್ರ ಹೊತ್ತ ಇಳೀಯಾಕತ್ತಿತ್ತು. ತವರಮನ್ಯಾಗ ಒಳಗ ಬಿಡ್ತಾರೋ ಇಲ್ಲೋ ಅಂತ ಅನಸ್ತು. ಆಗ ನೀರ ತುಂಬ ಇತ್ತು, ನಿನ್ನ ಕತ್ಯಾಗಿನಂಗ ಅಲ್ಲ. ಎಮ್ಮಿ ಹಗ್ಗ ಬಿಟ್ಟ ನಿಂತಿದ್ನಿ. ಅದು ಹಿಂದ ನಿಂತ ಒದರಾಕ ಸುರು ಮಾಡ್ತು. ಹಿಂಡೂ ಹೊತ್ತಾಗಿತ್ತು, ಕೆಚ್ಚಲ ಬಿಗದಿತ್ತು. ಮುಂಜಾನೀನೂ ಹಿಂಡಿರಲಿಲ್ಲ. ಮೂಕ ಪ್ರಾಣಿ, ಅದ್ರದೇನ ತಪ್ಪು? ಹಿಂಡಿ ಆಮ್ಯಾಲ ನೋಡೂನು ಅಂತ ಕುಂತ್ನಿ. ಚರಗಿ ಇಲ್ಲ, ಏನಿಲ್ಲ. ಬೊಗಸ್ಯಾಗ ಹಿಂಡಿ ನಾನ ಕುಡದ್ನಿ. ಉಳದದ್ದು ನೆಲಕ್ಕ ಬಿಟ್ನಿ. ಹೊಟ್ಟಿ ತುಂಬ್ತು. ಹೊಟ್ಟಿ ತುಂಬಿದ ಮ್ಯಾಲ ಸಾಯಾಕ ಮನಸ ಬರಲಿಲ್ಲ ಯವ್ವಾ. ಹಗ್ಗ ಹಿಡ್ಕೊಂಡ ನಡದ್ನಿ.”

ಒಲೆಗೆ ಒಂದು ಹಿಡಿ ರವದಿ ನೂಕಿ ಅಂದಳು: “ಸಾಯೂದ ಏನ ಬರೀತಿ? ಅದನ್ನ ಯಾರ ಬೇಕಾದ್ರೂ ಬರೀತಾರ. ತಿರುಗಿ ಬಂದದ್ದನ್ನ ಬರಿ.”

ಹನ್ನೊಂದನೆಯ ಪುಟ ಬೆಂಕಿಗೆ ಹೋಯಿತು. ಅತ್ತೆ ಕಡ್ಡಿ ಚುಚ್ಚಿ ನೋಡಿ “ಬೆಂದೈತಿ” ಎಂದಳು. ಆಮೇಲೆ ನನ್ನ ಕೈಗೆ ಮೊರ ಕೊಟ್ಟು, ಈ ವರ್ಷ ನೀನೇ ತುಂಬು ಎಂದಳು. ಒಲೆಗೆ ಮುಂಚೆ ಆಗಬೇಕಾದದ್ದು ಒಲೆ ಹೊತ್ತಿದ ಮೇಲೆ ಆಯಿತು. ಬಾಯಕ್ಕ ಸೆರಗು ಚಾಚಿದಳು, ನಾನು ಉಡಿ ತುಂಬಿದೆ.

ಹೊಸ ಮುಕ್ತಾಯ ಮೂರೇ ಪುಟ. ಬರೆಯಲು ಹದಿನೈದು ದಿನ ಹಿಡಿಯಿತು. ಒಂದು ಹನಿಯೂ ಅಳಲಿಲ್ಲ. ಸರ್ ಅದನ್ನು ನನ್ನೆದುರೇ ಓದಿ ಕನ್ನಡಕ ತೆಗೆದರು.

“ಎಮ್ಮಿ ಹಿಂಡಿದ್ಲು, ಮನಿಗಿ ಹ್ವಾದ್ಲು. ಇದು ಮುಕ್ತಾಯ ಏನ್ರಿ?”

“ಹೌದ್ರಿ ಸರ್.”

“ಹಿಂಗ ಇದ್ರ ನಾ ಪ್ರಕಾಶಕರಿಗೆ ಹೇಳಾಕ ಆಗೂದಿಲ್ಲ. ವಿಚಾರ ಮಾಡ್ರಿ.”

“ಮಾಡೇನ್ರಿ. ಸಾಯಿಸೂದಿಲ್ಲ.”

ನನ್ನ ಬಾಯಿಂದ ಇಷ್ಟು ಚಿಕ್ಕ ಮಾತು ಇಷ್ಟು ಗಟ್ಟಿಯಾಗಿ ಹಿಂದೆಂದೂ ಬಂದಿರಲಿಲ್ಲ. ಹಾಳೆಗಳನ್ನು ಎತ್ತಿಕೊಂಡು ಇಳಿದು ಬಂದೆ. ಯುಗಾದಿ ಬಂತು, ಹೋಯಿತು. ಕಾಲುವೆ ಒಣಗಿತು. ನನ್ನ ಪುಸ್ತಕ ಎಲ್ಲೂ ಬರಲಿಲ್ಲ. ಊರಲ್ಲಿ ಕೆಲವರು ಅಕ್ಕೋರ ಪುಸ್ತಕ ಬೆಂಕಿಯಲ್ಲಿ ಹೋಯಿತಂತೆ ಎಂದು ಆಡಿಕೊಂಡರು. ಆಡಿಕೊಳ್ಳಲಿ, ಅರ್ಧ ನಿಜವೇ.

ಮಳೆಗಾಲದಲ್ಲಿ ಹುಕ್ಕೇರಿಯ ಒಂದು ಸಣ್ಣ ಪ್ರೆಸ್ಸಿಗೆ ಹೋದೆ. ಅದರ ಮಾಲಕರು ಜೀವಮಾನವೆಲ್ಲ ಲಗ್ನಪತ್ರಿಕೆ, ಗೃಹಪ್ರವೇಶದ ಪತ್ರಿಕೆ ಮಾಡಿದವರು. ಪುಸ್ತಕ ಎಂದರೆ ಅವರಿಗೂ ಅದೇ ಮೊದಲು. ರೂಢಿಯ ಕೈ ನೋಡಿ, ಮೊದಲ ಪುಟದ ನೆತ್ತಿಗೆ ಶ್ರೀ ಗುರುಬಸವಲಿಂಗಾಯ ನಮಃ ಎಂದು ಹಾಕಿದ್ದರು. ಕೊನೆಯ ಪುಟದಲ್ಲಿ, ಬಾಯಕ್ಕ ಎಮ್ಮೆಯ ಹಗ್ಗ ಹಿಡಿದು ನಡೆದ ಸಾಲಿನ ಕೆಳಗೆ, “ತಮ್ಮ ಆಗಮನಾಭಿಲಾಷಿಗಳು” ಎಂದೂ ಬಿದ್ದಿತ್ತು. ತೆಗೆಯುತ್ತೇನೆ ಅಕ್ಕೋರ ಎಂದು ಪಾಪ, ಕೈ ಮುಗಿದರು. ಬೇಡ, ಇರಲಿ ಎಂದೆ. ಅವಳು ಬರುವುದನ್ನೇ ಕಾದವರು ನಾವೆಲ್ಲ. ಒಳಗೆ ಲಕ್ಕವ್ವ ಹೋಗಿ ಬಾಯಕ್ಕ ಬಂದಿದ್ದಳು. ಹೆಸರು ಹಾಕು ಎಂದು ಅವಳೇ ಹಟ ಹಿಡಿದಿದ್ದಳು.

ಇಷ್ಟನ್ನೇ ಆ ದಿನ ಕಾಲೇಜಿನ ಹುಡುಗ ಹುಡುಗಿಯರಿಗೆ ಹೇಳಿದೆ. ಅಧ್ಯಕ್ಷರ ಕುರ್ಚಿಯಲ್ಲಿ ಇದ್ದವರು ನಮ್ಮ ಸರ್. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಕೈಯಲ್ಲಿ ನಾಲ್ಕು ಪುಟದ ಅಧ್ಯಕ್ಷ ಭಾಷಣ ಸುರುಳಿಯಾಗಿತ್ತು. ಅವರ ಎದುರೇ ಹೇಳಿದೆ, ಒಂದು ಮಾತೂ ನುಂಗಲಿಲ್ಲ. ನಿಮಗೆ ಯಾರು ಬೇಕಾದರೂ ಏನು ಬೇಕಾದರೂ ಕಲಿಸಲಿ, ಬದುಕಿದವರನ್ನು ಕೊಂದು ಕೊಡಿ ಎಂದರೆ ಮಾತ್ರ ಎದ್ದು ಬನ್ನಿ ಎಂದೆ. ಬರೆದದ್ದನ್ನು ಮೊದಲು ಬರೆಸಿಕೊಂಡವರ ಮುಂದೆ ಓದಿ, ಅವರು ನಕ್ಕರೆ ಯಾಕೆ ನಕ್ಕರೆಂದು ಕೇಳಿ ಎಂದೆ. ಸರ್ ತಲೆ ತಗ್ಗಿಸಿರಲಿಲ್ಲ, ನೆಟ್ಟಗೆ ನನ್ನನ್ನೇ ನೋಡುತ್ತಿದ್ದರು. ಅದಕ್ಕೆ ಅವರ ಮೇಲೆ ಗೌರವ ಹೆಚ್ಚಾಯಿತು.

ಮೂರನೆಯ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. “ಮೇಡಂ, ಆ ಬಾಯಕ್ಕ ಈಗ ಅದಾರೇನ್ರಿ?”

ನಾನು ಬಾಯಿ ತೆರೆಯುವ ಮುಂಚೆ, ತುಕ್ಕಾನಟ್ಟಿಯಿಂದ ತಾನಾಗಿ ಬಸ್ಸು ಹತ್ತಿ ಬಂದು ಹಿಂದಿನ ಬಾಗಿಲ ಬಳಿಯ ಕುರ್ಚಿಯಲ್ಲಿ ಚಪ್ಪಲಿ ಬಿಟ್ಟು ಕುಳಿತವಳು ಎದ್ದು ನಿಂತಳು. ಇಡೀ ಸಭಾಂಗಣ ತಿರುಗಿ ನೋಡಿತು.

“ಅದೇನಿ ಯವ್ವಾ, ಇಲ್ಲೇ ಅದೇನಿ,” ಎಂದಳು ಬಾಯಕ್ಕ. ಆಮೇಲೆ ವೇದಿಕೆಯ ಕಡೆ ನೋಡಿ, “ಗಿರಿಜಾ, ಲಗೂ ಇಳಿ. ಊರ ಬಸ್ ತಪ್ಪತೈತಿ. ಎಮ್ಮಿ ಹಿಂಡೂ ಹೊತ್ತಾತು,” ಎಂದು ಚಪ್ಪಲಿ ಮೆಟ್ಟಿಕೊಂಡಳು.

ನಾನು ಚೀಲ ಎತ್ತಿಕೊಂಡು ವೇದಿಕೆ ಇಳಿದು ಅವಳ ಹಿಂದೆ ನಡೆದೆ. ಅಧ್ಯಕ್ಷರ ಭಾಷಣ ಇನ್ನೂ ಬಾಕಿ ಇತ್ತು.